ಕೆರಿ ಸುತ್ತ ನಡ್ಯಾಕ ಒಂದು ಜೋಡಿ

ಸಕ್ಕರಿ ಬ್ಯಾನಿ ಅದ ಅಂತ ಗೊತ್ತಾದ ದಿನ ಆಳಂದದ ಡಾಕ್ಟರು ಗುಳಿಗಿ ಬರೆದುಕೊಟ್ಟು, "ದಿನಾ ನಡೀರಿ ಟೀಚರ್. ಮೊಣಕಾಲಿಗೆ ತ್ರಾಸ ಆಗದಂಥಾ ಸಪಾಟ ಜಾಗಾ ನೋಡಿಕೊಳ್ರಿ" ಅಂದ್ರು. ಅವರಿಗೇನು, ಹೇಳಿಬಿಟ್ರು. ಯಾರ ಜೋಡಿ ನಡೀಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸರಸಂಬಾದ ಹತ್ರದ ಈ ಊರಿಗೆ ನಾ ಬಂದು ಆಗಿನ್ನೂ ವರ್ಷ ಸುದ್ದಾ ಆಗಿರಲಿಲ್ಲ. ನನ್ನ ನೌಕರಿಯೆಲ್ಲಾ ಜೇವರ್ಗಿ ಕಡೆ ಕೊಳಕೂರ ಸಾಲ್ಯಾಗ ಕಳೀತು. ನಮ್ಮ ಯಜಮಾನ್ರು ತೀರಿಕೊಂಡ ಮ್ಯಾಲೆ ಆ ಮನ್ಯಾಗ ಇರೂದು ನನ್ನಿಂದ ಆಗಲಿಲ್ಲ. ಬದಲಿ ಕೇಳಿದೆ, ಇಲ್ಲಿಗೆ ಹಾಕಿದ್ರು. ಮಕ್ಕಳಿಲ್ಲ. ಸಾಲಿ ಬಿಟ್ಟ ಗಳಿಗಿಂದ ಮರುದಿನದ ಹಾಜರಿ ತನಕ ನನ್ನ ಬಾಯಿಂದ ಒಂದು ಮಾತು ಹೊರಗ ಬೀಳತಿರಲಿಲ್ಲ. ಕುಕ್ಕರ್ ಜೋಡಿ ಮಾತಾಡೂ ಪಾಳಿ ಬಂದಿತ್ತು. "ಸಾಕು ಬಿಡವಾ, ಎಷ್ಟು ಒದರತಿ" ಅಂತಿದ್ದೆ. ಅದಾದ್ರೂ ಒದರತದಲ್ಲ ಅಂತ ಒಳಗೊಳಗ ಸಮಾಧಾನ.

ಕೆರಿ ಊರ ಹೊರಗೇ ಅದ. ಹೊಸದಾಗಿ ನಡ್ಯಾಕ ಸುರು ಮಾಡಿದವರಿಗೆ ಇಂಥಾ ಹಾದಿ ಸಿಗೂದು ಕಷ್ಟ, ಖರೇ ಹೇಳ್ತೇನಿ. ಒಡ್ಡು ಹತ್ತಾಕ ನಾಕು ಮೆಟ್ಟಲ ಅವ. ಏರು ಅಂಬೂದು ಅಷ್ಟೇ. ಅಲ್ಲಿ ಜರಾ ದಮ್ಮು ತಗೊಂಡ್ರ ಮುಂದ ಬಂಡಿ ಹೋಗುವಷ್ಟು ಅಗಲ, ಸಪಾಟ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗ ತೊಗರಿ ಹೊಲ. ಒಡ್ಡು ಮುಗಿದಲ್ಲಿ ಕೋಡಿ, ಕೆರಿ ತುಂಬಿದ್ರ ನೀರು ಹೊರಗ ಹರಿಯೂ ಜಾಗಾ. ತುಂಬದಿದ್ರ ಬರೇ ಕಲ್ಲು, ಸಣ್ಣ ಹುಡುಗ್ರೂ ದಾಟತಾವ. ದಾಟಿದ್ರ ಜಾಲಿ ನೆರಳಾಗ ಕಾಲುಹಾದಿ ಕೆರಿ ಸುತ್ತಿಕೊಂಡು ಬಂದು ಅರಿವಿ ಒಗಿಯೂ ಕಲ್ಲಿನ ಹತ್ರ ಮುಟ್ಟತದ. ದಣಿವಾತೋ, ಕೋಡಿಯಿಂದಲೇ ತಿರುಗಿ ಬರ್ರಿ, ಯಾರೂ ನಗೂದಿಲ್ಲ.

ನಗೂದಿಲ್ಲ, ಆದ್ರ ನೋಡತಾರ. ಈ ಕಡೆ ಹೆಣ್ಣಮಕ್ಕಳು ಕೆರಿಗೆ ಬರಿಗೈಲೆ ಹೋಗೂದಿಲ್ಲ. ಅರಿವಿ ಗಂಟು, ಕೊಡ, ಕುಡಗೋಲು, ಏನಾರ ಒಂದು ಇರಬೇಕು. ನಾ ಕೈ ಬೀಸಿಕೊಂಡು ಹೊಂಟ್ರ ಎದುರು ಬಂದವರು ಮೊದಲು ನನ್ನ ಮಾರಿ ನೋಡತಿದ್ರು, ಆಮ್ಯಾಲೆ ಕೈ ನೋಡತಿದ್ರು.

"ಎಲ್ಲಿಗಿ ಹೊಂಟೀರಿ ಅಕ್ಕೋರ?"

"ನಡ್ಯಾಕ."

"ನಡ್ಯಾಕ ಖರೇ, ಎಲ್ಲಿಗಿ?"

ನನಗ ಮೊದಲೇ ಮೂಗಿನ ತುದಿ ಮ್ಯಾಲೆ ಸಿಟ್ಟು. "ಎಲ್ಲಿಗೂ ಇಲ್ಲಪಾ!" ಅಂದು ಮುಂದ ಹೋಗಿಬಿಡತಿದ್ದೆ. ಗಂಡ ಸತ್ತಾಕಿ, ಮಕ್ಕಳಿಲ್ಲದಾಕಿ, ಒಬ್ಬಾಕಿನೇ ಕೆರಿ ಕಡೆ ಹೊಂಟಾಳ, ಕೇಳಿದ್ರ ಎಲ್ಲಿಗೂ ಇಲ್ಲ ಅಂತಾಳ. ಊರ ಮಂದಿ ಏನು ತಿಳಕೊಂಡಾರು ಅಂತ ನನ್ನ ತಲಿಗೆ ಹೊಳೀಲೇ ಇಲ್ಲ.

ಒಂದು ಮುಂಜಾನಿ ಹೋದಾಗ ನೆಲ ಹಸಿ ಇತ್ತು. ನಮ್ಮ ಎರಿಮಣ್ಣು ಹಸಿ ಆತಂದ್ರ ಕಾಲು ಬಿಡೂದಿಲ್ಲ. ಸ್ವಲ್ಪ ದೂರ ಹೋಗೂದ್ರಾಗ ಚಪ್ಪಲಿಗೆ ಮಣ್ಣು ಹತ್ತಿ ಹತ್ತಿ ಕಾಲು ಎತ್ತಾಕ ಆಗಲಿಲ್ಲ. ಬಿಚ್ಚಿ ನೀರಿನ ದಂಡಿಗಿದ್ದ ಕಲ್ಲ ಮ್ಯಾಲೆ ಜೋಡಿಸಿಟ್ಟೆ. ಸೆಕಿ ಆತು ಅಂತ ಶಾಲೂ ಮಡಚಿ ಅಲ್ಲೇ ಇಟ್ಟೆ. ಬರಿಗಾಲಿಲೆ ಕೋಡಿ ದಾಟಿ ಆಚೆ ದಂಡಿಗೆ ಹೋದೆ.

ಸುತ್ತು ಹಾಕಿ ಬರೂವಾಗ ಗದ್ದಲ ಕೇಳಿಸ್ತು. ಒಡ್ಡಿನ ಮ್ಯಾಲೆ ಅರ್ಧ ಊರು. ಇಬ್ಬರು ಗಂಡಸ್ರು ನೀರಾಗ ಮುಳುಗಿ ಮುಳುಗಿ ಹುಡುಕಾಕತ್ತಿದ್ರು. ಯಾರೋ ನೀರಿಗೆ ಬಿದ್ದಾರ ಅಂತ ತಿಳಕೊಂಡೆ. ಜಾಲಿ ಮುಳ್ಳು ಲೆಕ್ಕಿಸದ ಓಡಿ ಹೋಗಿ, "ಯಾರು? ಯಾರು ಬಿದ್ರು?" ಅಂತ ಕೇಳಿದೆ. ಎಲ್ಲಾರೂ ತಿರುಗಿ ನನ್ನೇ ನೋಡಿದ್ರು. ನಮ್ಮ ಮಗ್ಗಲ ಮನಿ ಆಪಾ ನನ್ನ ಚಪ್ಪಲಿ ಎದಿಗೆ ಅವಚಿಕೊಂಡು ಅಳಾಕತ್ತಿದ್ಲು. "ಹಾಯ್ ಅಲ್ಲಾ, ಇಲ್ಲೇ ಇದ್ದಾಳ!" ಅಂತ ಚೀರಿ, ಬೆನ್ನಿಗೆ ಒಂದು ಗುದ್ದಿ, ಆಮ್ಯಾಲೆ ತೆಕ್ಕಿ ಬಡಕೊಂಡ್ಲು.

"ನಾ ಸಾಯಾಕ ಬಂದಿಲ್ರಿ! ಸಕ್ಕರಿ ಕಡಿಮಿ ಮಾಡಿಕೊಳ್ಳಾಕ ಬಂದೇನಿ!" ಅಂತ ಒದರಿದೆ. ಒಬ್ಬರೂ ನಂಬಲಿಲ್ಲ.

ಮರುದಿನ ಹೊಂಟಾಗ ಆಪಾ ಬುಟ್ಟಿ ಹಿಡ್ಕೊಂಡು ಬಾಗಲಾಗೇ ನಿಂತಿದ್ಲು. "ಆಡಿಗಿ ಮೇವು ತರಬೇಕ್ರಿ ಅಕ್ಕೋರ, ನಾನೂ ಬರ್ತೇನಿ." ಆಕಿ ಮನ್ಯಾಗ ಆಡೇ ಇಲ್ಲ! ನನಗೂ ಗೊತ್ತು, ನನಗ ಗೊತ್ತದ ಅಂತ ಆಕಿಗೂ ಗೊತ್ತು. ಇಬ್ಬರೂ ಹೊಂಟ್ವಿ. ಅವತ್ತಿನಿಂದ ದಿನಾ ಬಂದ್ಲು. ನೀರಿನ ಕಡೆ ತಾ ನಡೀತಿದ್ಲು, ಹೊಲದ ಕಡೆ ನನ್ನ ಹಾಕತಿದ್ಲು. ಅಫಜಲಪುರಕ್ಕ ಕೊಟ್ಟ ತಂಗಿ ಸುದ್ದಿ, ಸೊಸಿ ಮಾಡೂ ಸಪ್ಪನ ಸಾರಿನ ಸುದ್ದಿ, ಯಾವುದಕ್ಕೂ ಕೊನಿ ಇರತಿರಲಿಲ್ಲ. ನಾನೂ ನಮ್ಮ ಯಜಮಾನ್ರ ಗೊರಕಿ ಸುದ್ದಿ ಹೇಳಿ ನಗಿಸಿದೆ. ಅವರು ಹೋದ ಮ್ಯಾಲೆ ಅವರ ಮಾತು ತೆಗೆದು ನಕ್ಕಿದ್ದು ಅದೇ ಮೊದಲು. ಎಷ್ಟು ಹಗುರಾತು ಅಂತೀರಿ!

ಆದ್ರ ಆಪಾನ ಮೊಣಕಾಲು ಬಾತಿದ್ವು. ಮೆಟ್ಟಲ ಇಳಿಯೂವಾಗ ಹಲ್ಲು ಕಚ್ಚಿ ಹಿಡೀತಿದ್ಲು. ಒಂದು ದಿನ ಕೋಡಿ ಹತ್ರ ನಿಂತು ನನ್ನ ಕೈ ಹಿಡಿದು ತನ್ನ ತಲಿ ಮ್ಯಾಲೆ ಇಟ್ಟುಕೊಂಡ್ಲು. "ಖರೇ ಹೇಳ್ರಿ ಅಕ್ಕೋರ. ನಿಮಗ ಜೀವ ಕಳಕೊಳ್ಳೂ ವಿಚಾರ ಅದೇನು?"

"ಇಲ್ಲ" ಅಂದ್ರ ಆಕಿ ನಾಳೆಯಿಂದ ಬರೂದಿಲ್ಲ. ಏನೂ ಅನ್ನದ ತಲಿ ತಗ್ಗಿಸಿದ್ರ ಸಾಕು, ಬರ್ತಾಳ. ಅಷ್ಟು ನನಗ ಸ್ವಚ್ಛ ಗೊತ್ತಿತ್ತು. ಆಕಿ ತಲಿ ಮ್ಯಾಲೆ ಕೈ ಇಟ್ಟು ಹ್ಯಾಂಗ ಸುಳ್ಳಾಡೂದು?

"ಇಲ್ಲ ಆಪಾ. ನನಗ ಆ ವಿಚಾರ ಯಾವತ್ತೂ ಬಂದಿಲ್ಲ. ನಾ ಆರಾಮ ಇದ್ದೇನಿ."

"ಶುಕರ್ ಅದರಿ ಅಲ್ಲಾಂದು!" ಅಂತ ಅಲ್ಲೇ ಕಲ್ಲ ಮ್ಯಾಲೆ ಕುಂತು ಮೊಣಕಾಲು ತಿಕ್ಕಿಕೊಂಡ್ಲು. "ಹಂಗಾರ ನಾಳಿಂದ ನಾ ಬರೂದಿಲ್ರಿ. ಇವು ನಿದ್ದಿ ಕೊಡವಲ್ವು."

ಸಂಜಿಗೆ ಊರೆಲ್ಲಾ ಸುದ್ದಿ ಆತು. ಆಮ್ಯಾಲೆ ಹಾದ್ಯಾಗ ಯಾರೂ ಎಲ್ಲಿಗಿ ಅಂತ ಕೇಳಲಿಲ್ಲ. ನಮಸ್ಕಾರ್ರಿ ಅಂದು ಹೋಗತಿದ್ರು. ನಾ ಒಬ್ಬಾಕಿನೇ ಪೂರಾ ಸುತ್ತು ಹಾಕಿ ಬರ್ತಿದ್ದೆ. ಎಷ್ಟೋ ದಿನ ತಡಕೊಂಡೆ. ಕಡೀಕ ತಾಳಲಾರದ ಆಪಾನ ಬಾಗಲಾಗ ಹೋಗಿ ನಿಂತೆ. ಒಳಗ ರೊಟ್ಟಿ ಬಡೀತಿದ್ಲು.

"ಆಪಾ, ದೂರ ಬ್ಯಾಡ, ಮೆಟ್ಟಲ ತನಕರೆ ಬಾ. ಅಲ್ಲೇ ಕುಂತಿರು. ನನಗ ಒಬ್ಬಾಕಿಗೇ ಭಾಳ ಬ್ಯಾಸರಾಗ್ತದ."

ನಾ ಚ್ಯಾಷ್ಟಿ ಮಾಡಾಕತ್ತೇನಿ ಅಂತ ತಿಳಿದು ಆಕಿ ಮನಸಾರೆ ನಕ್ಕಳು. "ನಿಮಗೇನಾಗ್ಯದರಿ ಅಕ್ಕೋರ? ಆರಾಮ ಇದ್ದೀರಿ, ಹೋಗಿ ಬರ್ರಿ."

"ಹೌದು" ಅಂದೆ, ಕೆರಿ ಕಡೆ ಹೊಂಟೆ.