ಅಮ್ಮನ ತಂಪಿನ ದಿನ ಹೇಳುತ್ತಿದ್ದವಳು

ಮೊನ್ನೆ ಚಳ್ಳಕೆರೆಯಿಂದ ಊರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ತಳಕಿನಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕ ಕೂತು, ಕಾಲ ಬಳಿ ಸ್ಟೀಲಿನ ಕ್ಯಾನೊಂದನ್ನು ಇಟ್ಟುಕೊಂಡಳು. ಬಸ್ಸು ಕುಲುಕಿದಾಗ ಮುಚ್ಚಳದ ಸಂದಿಯಿಂದ ಹುಳಿ ಬಂದ ಅಂಬಲಿಯ ವಾಸನೆ ಎದ್ದಿತು. ಜೋಳದ ಹಿಟ್ಟು, ಮಜ್ಜಿಗೆ, ಜಜ್ಜಿದ ಈರುಳ್ಳಿ... ಬಿ.ಜಿ. ಕೆರೆ ಬರುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದೆ. ನೆನಪಾದವಳು ನನ್ನ ಓರಗಿತ್ತಿ. ಅವಳು ಹೋಗಿ ನಾಲ್ಕು ವರ್ಷವಾಯಿತು. ಸತ್ತವರನ್ನು ನೆನೆದರೆ ಮನಸ್ಸು ಮೆತ್ತಗಾಗುತ್ತದೆ ಎನ್ನುತ್ತಾರೆ. ನನಗೆ ಮಾತ್ರ ಮೊದಲು ಆಗುವುದು ಹೊಟ್ಟೆಯಲ್ಲಿ ಉರಿ.

ಕೊಂಡ್ಲಹಳ್ಳಿ ಕಡೆಯ ಆ ಮನೆಗೆ ನಾನು ಎರಡನೆಯ ಸೊಸೆಯಾಗಿ ಬಂದೆ. ಚಳ್ಳಕೆರೆಯಲ್ಲಿ ಪಿಯುಸಿ ಮುಗಿಸಿದ್ದೆ, ನೋಡಲೂ ಚೆನ್ನಾಗಿದ್ದೆ. ಹಿರಿಯ ಸೊಸೆ ನನಗಿಂತ ಹತ್ತು ವರ್ಷ ದೊಡ್ಡವಳು. ಕಡ್ಡಿಯಂಥ ಮೈ, ಬಿಸಿಲಿಗೆ ಒಣಗಿದ ಮುಖ, ಅಕ್ಷರ ಬಾರದು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಬೀದಿಯವರಿಗೆಲ್ಲ ದೊಡ್ಡವ್ವ. ಅತ್ತೆ ನನಗೆ ಮೊಳಕಾಲ್ಮುರಿನ ರೇಷ್ಮೆ ಸೀರೆ ಕೊಟ್ಟರು. ಅವಳಿಗೆ ಮಾತ್ರ ನಮ್ಮ ದೇವತೆ ಅಮ್ಮನ ದಿನ ಹೇಳುವ ಕೆಲಸ ಕೊಟ್ಟಿದ್ದರು. ಸೀರೆ ಉಟ್ಟ ಮೊದಲ ವರ್ಷವೇ ನನಗೆ ಗೊತ್ತಾಯಿತು, ದೊಡ್ಡದು ಯಾವುದು ಎಂದು.

ನಮ್ಮ ಅಮ್ಮನಿಗೆ ಗುಡಿ ಇಲ್ಲ, ಪೂಜಾರಿ ಇಲ್ಲ. ಊರಾಚೆಯ ಬೇವಿನ ಮರದ ಬುಡದಲ್ಲಿ ಅರಿಶಿನ ಮೆತ್ತಿದ ಒಂದು ಕಲ್ಲು, ಅಷ್ಟೇ. ವರ್ಷವೆಲ್ಲ ಊರ ಮೇಲೆ ಓಡಾಡಿ ಬೇಸಿಗೆಯಲ್ಲಿ ಅಮ್ಮನ ಮೈ ಕಾಯುತ್ತದಂತೆ. ಆಗ ನಮ್ಮ ಬೀದಿಯ ಹೆಂಗಸರು ಅಂಬಲಿ, ಮೊಸರನ್ನ, ಬೇವಿನ ಸೊಪ್ಪು ಹೊತ್ತುಕೊಂಡು ಹೋಗಿ ಅವಳಿಗೆ ತಂಪು ಮಾಡುತ್ತಾರೆ. ಯಾವ ದಿನ ಎಂದು ಹೇಳಬೇಕಾದವಳು ಅಕ್ಕ.

ಅವಳು ಕ್ಯಾಲೆಂಡರ್ ನೋಡುತ್ತಿರಲಿಲ್ಲ. ನಮ್ಮದು ಮಣ್ಣಿನ ಮಾಳಿಗೆ ಮನೆ, ನಡುಮನೆಗೆ ಮೇಲಿನ ಗವಾಕ್ಷಿಯಿಂದ ಬೆಳಕು. ಚಳಿಗಾಲದಲ್ಲಿ ಮಧ್ಯಾಹ್ನದ ಬಿಸಿಲು ಬಡಗಣ ಗೋಡೆಯ ಕಡೆ ಬಿದ್ದಿರುತ್ತಿತ್ತು. ದಿನದಿನಕ್ಕೆ ಜರುಗುತ್ತ ಬೇಸಿಗೆಯಲ್ಲಿ ಒಂದು ದಿನ ನೆಟ್ಟಗೆ ಒರಳುಕಲ್ಲಿನ ಗುಂಡಿಗೆ ಇಳಿಯುತ್ತಿತ್ತು. "ಸೂರ್ಯ ನೆತ್ತಿಗೆ ಬಂದ" ಎನ್ನುತ್ತಿದ್ದಳು. ಅದಾದ ಮೇಲಿನ ಅಮಾವಾಸ್ಯೆ ಕಳೆದು ಪಡುವಣದಲ್ಲಿ ಎಳೆಚಂದ್ರ ಕಾಣಬೇಕು. ಕಂಡ ಮೇಲೆ ಬರುವ ಮೊದಲ ಮಂಗಳವಾರ ತಂಪು. "ಅಮಾಸೆಗೆ ಅಮ್ಮ ಮಖ ತೊಳ್ಕೊಳ್ಳಾಕೆ ಹೋಗಿರ್ತಾಳೆ. ಬಂದು ಮಖ ತೋರ್ಸೋಗಂಟ ಕಾಯಬೇಕು" ಎನ್ನುತ್ತಿದ್ದಳು, ಪಕ್ಕದ ಮನೆಯವಳ ವಿಷಯ ಹೇಳುವಷ್ಟು ಸಲೀಸಾಗಿ.

ಆ ಸಲೀಸಿಗೇ ನಾನು ಉರಿಯುತ್ತಿದ್ದೆ. ಅವರೆ ಯಾವಾಗ ಹಾಕಬೇಕು, ಮೈಮೇಲೆ ಗುಳ್ಳೆಯಾಗಿ ಅಮ್ಮ ಎದ್ದ ಮಗುವಿಗೆ ಯಾವತ್ತು ನೀರು ಹಾಕಬೇಕು, ಎಲ್ಲಕ್ಕೂ ಅವಳೇ ಬೇಕು. ಗಡಿಯಾಚೆಯಿಂದ ಮದುವೆಯಾಗಿ ಬಂದ ಮುದುಕಿಯೊಬ್ಬಳು ಹೊಸ್ತಿಲಲ್ಲಿ ನಿಂತು ತಂಪು ಯಾವಾಗ ಎಂದು ತೆಲುಗಿನಲ್ಲಿ, "ಎಪ್ಪುಡಮ್ಮಾ ತಂಪು?" ಎನ್ನುತ್ತಿದ್ದಳು. ನಾನು ಎದುರಿಗೇ ಕೂತಿದ್ದರೂ ನನ್ನನ್ನು ದಾಟಿ ಒಳಗೆ ನೋಡುತ್ತಿದ್ದಳು. ಕ್ಯಾಲೆಂಡರ್ ತಂದು ನಾನೇ ಮೊಳೆ ಹೊಡೆದು ನೇತುಹಾಕಿದೆ. ಅದನ್ನು ಹಾಲಿನ ಲೆಕ್ಕ ಬರೆಯಲು ಬಿಟ್ಟರೆ ಬೇರೆ ಯಾತಕ್ಕೂ ಯಾರೂ ಮುಟ್ಟಲಿಲ್ಲ.

ನಾನು ಬಂದು ಹನ್ನೊಂದನೆಯ ಬೇಸಿಗೆ ಇರಬೇಕು. ಅತ್ತೆ ಆಗಲೇ ತೀರಿಕೊಂಡಿದ್ದರು. ಒಂದು ಸೋಮವಾರ ಸಂಜೆ ಹೆಂಗಸರೆಲ್ಲ ಊರ ಮುಂದಿನ ಬಯಲಿನಲ್ಲಿ ಸೇರಿದ್ದೆವು. ಚಂದ್ರ ಅಂದೇ ಕಂಡರೆ ಮರುದಿನವೇ ತಂಪು, ಕಾಣದಿದ್ದರೆ ಇನ್ನೊಂದು ವಾರ ಕಾಯಬೇಕು. ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಇವತ್ತಿಲ್ಲ ಬಿಡ್ರಿ. ಮುಂದಿನ ಮಂಗಳವಾರ."

ಹೆಂಗಸರು ತಿರುಗಿ ಹೊರಟರು. ನಾನು ಹೊರಡಲಿಲ್ಲ. ಜಾಲಿ ಮರದ ತುದಿಯ ಮೇಲೆ, ಉಗುರು ಕತ್ತರಿಸಿ ಎಸೆದ ಹಾಗೆ, ಚಂದ್ರ ಇದ್ದ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ... ಮಗಳು ಹುಟ್ಟಿದಾಗಲೂ ಅಷ್ಟು ಆಗಿರಲಿಲ್ಲವೇನೋ.

"ಅಗೋ, ಜಾಲಿ ಮರದ ಮ್ಯಾಲೆ! ಇಷ್ಟು ದೊಡ್ಡದಾಗಿ ಕಾಣ್ತೈತೆ. ಅಕ್ಕ ಇನ್ನೂ ಚಂದ್ರನ್ನ ಸೆರಗಿನಾಗೆ ಕಟ್ಕೊಂಡು ಕುಂತೈತೆ!"

ಎಲ್ಲರೂ ನೋಡಿದರು, ಎಲ್ಲರಿಗೂ ಕಂಡಿತು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. "ಕಂಡ್ರೆ ಆತು. ನಾಳೇನೇ ಮಾಡ್ರಿ" ಎಂದಳು.

ಮರುದಿನ ಮುಂದೆ ನಡೆದವಳು ನಾನು. ಅವಳು ಮಡಕೆ ಹೊತ್ತು ಹಿಂದೆ ಬಂದಳು. ಅಮ್ಮ ಮುನಿಯಲಿಲ್ಲ. ಆ ವರ್ಷ ಮಳೆಯೂ ಹದವಾಗಿಯೇ ಆಯಿತು, ಶೇಂಗಾ ಚೆನ್ನಾಗಿ ಬಂತು. ಅಕ್ಕ ಮಾತು ಬಿಡಲಿಲ್ಲ, ಪಾತ್ರೆ ಕುಕ್ಕಲಿಲ್ಲ. ಗೆದ್ದೂ ನನಗೆ ಸಮಾಧಾನವಿಲ್ಲ. ಸೋತವಳು ಅಷ್ಟು ನೆಮ್ಮದಿಯಾಗಿ ಹೇಗೆ ರೊಟ್ಟಿ ತಟ್ಟುತ್ತಾಳೆ?

ಮಳೆಗಾಲದ ನಡುವೆ ಸೂರ್ಯ ತೆಂಕಲಿಗೆ ಮರಳುವಾಗ ಇನ್ನೊಮ್ಮೆ ನೆತ್ತಿಗೆ ಬರುತ್ತಾನೆ. ಅಂಥ ಒಂದು ಮಧ್ಯಾಹ್ನ ಮೋಡ ಬಿಟ್ಟು ಬಿಸಿಲು ಬಿದ್ದಿತ್ತು. ನಾನು ಹಿತ್ತಲಿನಿಂದ ಬಂದಾಗ ಅಕ್ಕ ಒರಳಿನ ಮುಂದೆ ಕೂತಿದ್ದಳು. ಗುಂಡಿಯ ತುಂಬ ಬೆಳಕಿತ್ತು. ಅವಳು ಅದನ್ನು ನೋಡುತ್ತಿರಲಿಲ್ಲ. ಮುಖ ಎತ್ತಲೋ ಇತ್ತು. ಅಂಗೈ ಬಿಚ್ಚಿ ಒರಳಿನ ಸುತ್ತ ಮೆಲ್ಲಗೆ ಆಡಿಸುತ್ತ, ಬಿಸಿ ಎಲ್ಲಿದೆ ಎಂದು ಹುಡುಕುತ್ತಿದ್ದಳು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವಳಿಗೆ ಗೊತ್ತಾಗಲಿಲ್ಲ.

"ಅಕ್ಕಾ, ಕಣ್ಣು ಕಾಣಲ್ವಾ ನಿಂಗೆ?"

ಬೆಚ್ಚಿ ಕೈ ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ, "ಎದುರಿಗೆ ಬಂದ್ರೆ ಮಬ್ಬುಮಬ್ಬು ಕಾಣ್ತೈತೆ. ಎರಡು ವರ್ಸ ಆತು. ಯಾರಿಗೂ ಹೇಳಬ್ಯಾಡ" ಎಂದಳು.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಮ್ಮನ ಕೆಲ್ಸ ಬಿಡಿಸ್ತಿದ್ರಿ. ಅದೊಂದೇ ಕಣೇ ನಂದು ಅಂತ ಇದ್ದಿದ್ದು."

ಕುರುಡಿಯೊಬ್ಬಳನ್ನು ಊರ ಮುಂದೆ ನಿಲ್ಲಿಸಿ, ಚಂದ್ರ ಕಾಣಲಿಲ್ಲವೆಂದು ನಾನು ಎಲ್ಲರನ್ನೂ ನಗಿಸಿದ್ದೆ. ಅವಳ ಕೈ ಹಿಡಿದು ತಪ್ಪಾಯಿತು ಎನ್ನಬೇಕಿತ್ತು. ಅಷ್ಟರಲ್ಲೂ ಮನಸ್ಸಿನ ಮೂಲೆಯೊಂದು, ಹಾಗಾದರೆ ಇನ್ನು ದಿನ ಹೇಳುವವಳು ನಾನೇ, ಎಂದು ಎಣಿಸಿತು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಅವಳು ಬೇಡವೆಂದರೂ ನಾನೇ ಚಳ್ಳಕೆರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣಿನ ನರ ಒಣಗಿದೆ, ಹೋದ ನೋಟ ಮರಳುವುದಿಲ್ಲ ಎಂದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳು ಕೇಳಿದ್ದು ಒಂದೇ ಮಾತು. "ಇನ್ನು ಮ್ಯಾಲೆ ನೀನು ನೋಡಿ ನಂಗೆ ಹೇಳ್ತೀಯಾ?"

ಹೇಳಿದೆ. ಏಳೆಂಟು ವರ್ಷ, ಪ್ರತಿ ಅಮಾವಾಸ್ಯೆ ಕಳೆದ ಮೇಲೆ ಸಂಜೆ ಅವಳ ಕೈ ಹಿಡಿದು ಬಯಲಿಗೆ ಕರೆದೊಯ್ದೆ. "ಬಂತಾ?" "ಬಂತಕ್ಕ." ಆಗ ಅವಳು ಮುಖ ಎತ್ತಿ ಕೈ ಮುಗಿಯುತ್ತಿದ್ದಳು, ಸರಿಯಾಗಿ ಚಂದ್ರನ ಕಡೆಗೇ. ಕಣ್ಣಿರುವ ನನಗೆ ಅಲ್ಲಿ ಕಾಣುತ್ತಿದ್ದುದು ಒಂದು ಬಿಳಿ ಗೀರು. ಕಣ್ಣಿಲ್ಲದ ಅವಳ ಮುಖ ಮಾತ್ರ ಯಾರೋ ತವರಿನವರು ಎದುರು ಬಂದ ಹಾಗೆ ಅರಳುತ್ತಿತ್ತು. ಚಂದ್ರನನ್ನು ನೋಡುವ ಕೆಲಸ ಕಿತ್ತುಕೊಂಡೆ, ಇದನ್ನು ಹೇಗೆ ಕಿತ್ತುಕೊಳ್ಳಲಿ? ಒಂದು ಸಂಜೆ ತಡೆಯಲಾರದೆ, ಚಂದ್ರನನ್ನು ನೋಡುತ್ತಲೇ "ಇಲ್ಲಕ್ಕ, ಇವತ್ತು ಕಾಣ್ತಿಲ್ಲ" ಎಂದೆ.

ಅಕ್ಕ ನನ್ನ ಕೈಯನ್ನು ಮೆಲ್ಲಗೆ ಒತ್ತಿದಳು. "ಐತೆ ಬಿಡು. ಇಲ್ದಿದ್ರೆ ನೀನು ಇಷ್ಟೊತ್ತು ನಿಂತ್ಕೊಂಡು ನೋಡ್ತಿರ್ಲಿಲ್ಲ" ಎಂದು ಕೈ ಮುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ನಾನು ತಪ್ಪಾಯಿತು ಎನ್ನಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಮನೆಗೆ ಬಂದೆವು.

ಮಾಗಿಯ ಚಳಿಯಲ್ಲಿ ಕೆಮ್ಮು ಹಿಡಿದು, ಹದಿನೈದು ದಿನ ಮಲಗಿ, ಒಂದು ಬೆಳಗ್ಗೆ ಹೋಗಿಬಿಟ್ಟಳು. ಮಧ್ಯಾಹ್ನದ ಬಿಸಿಲು ಆಗ ಒರಳಿನಿಂದ ಬಹಳ ದೂರ, ಗೋಡೆಯ ಹತ್ತಿರ ಇತ್ತು.

ಈಗ ತಂಪಿನ ದಿನ ಹೇಳುವವಳು ನಾನೇ. ಯಾರೂ ನನ್ನನ್ನು ದಾಟಿ ಒಳಗೆ ನೋಡುವುದಿಲ್ಲ. ಆದರೂ ನಮ್ಮ ಬೀದಿಯಲ್ಲಿ ಅದರ ಹೆಸರು ದೊಡ್ಡವ್ವನ ತಂಪು. ಅವಳನ್ನು ಕಾಣದ ಹೊಸ ಸೊಸೆಯರೂ ಹಾಗೆಯೇ ಅನ್ನುತ್ತಾರೆ. ಈ ವರ್ಷ ಅವರಲ್ಲೊಬ್ಬಳು ಬಯಲಿನಲ್ಲಿ ನನ್ನ ಪಕ್ಕ ಬಂದು ನಿಂತಳು. "ದೊಡ್ಡವ್ವಗೆ ಕಣ್ಣು ಕಾಣ್ದಿದ್ರೂ ಚಂದ್ರ ಕಾಣ್ತಿತ್ತಂತೆ, ಹೌದೇನ್ರಿ?" ಎಂದು ಕೇಳಿದಳು.

ಇಲ್ಲ, ನಾನು ಹೇಳುತ್ತಿದ್ದೆ, ನನ್ನ ಕಣ್ಣಿಂದ ನೋಡುತ್ತಿದ್ದಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಸುಳ್ಳೇನೂ ಅಲ್ಲ.

"ಹೂಂ ಕಣವ್ವ, ಕಾಣ್ತಿತ್ತು" ಎಂದೆ. ಅಷ್ಟು ಹೇಳುವುದಕ್ಕೆ ಎಷ್ಟು ಕಷ್ಟವಾಯಿತು ಎಂದು ತಿಳಿಯುತ್ತಿದ್ದವಳು ಅಕ್ಕ ಒಬ್ಬಳೇ.