ಅಳಿಯಂದಿರದು ಯಾವೂರು?

ನಾನು ಅಜ್ಜಿಯಾದೆ! ಇದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ನನ್ನ ಮಗಳು ಸುನಂದಾಗೆ ಹೆಣ್ಣು ಮಗು. ಅವಳಿಗೆ ನಲವತ್ತು ದಾಟಿ, ನಾನು ದೇವರ ಮುಂದೆ ಆ ಮಾತೆತ್ತುವುದನ್ನೂ ಬಿಟ್ಟ ಮೇಲೆ ಹುಟ್ಟಿದ ಮಗು. ಇವತ್ತು ಇಂಗ್ಲಿಷರ ದೇಶದ ಈ ಫೆಲ್ಥಮ್‌ನ ನಮ್ಮ ಮನೆಯಲ್ಲಿ ಅದನ್ನು ತೊಟ್ಟಿಲಿಗೆ ಹಾಕಿ ಮೀರಾ ಎಂದು ಹೆಸರಿಟ್ಟೆವು. ಬೆಳಿಗ್ಗೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಪಾಯಸಕ್ಕೆ ಎರಡು ಸಲ ಸಕ್ಕರೆ ಬಿದ್ದಿದೆ, ಸಾರಿಗೆ ಉಪ್ಪೇ ಬಿದ್ದಿಲ್ಲ. ಬಂದವರು ಯಾರೂ ಏನೂ ಅನ್ನಲಿಲ್ಲ, ಅಂದಿದ್ದರೂ ನನಗೆ ಕೇಳಿಸುತ್ತಿರಲಿಲ್ಲ.

ಸಂತೋಷ ಇಷ್ಟು. ಇನ್ನು ಗೊಂದಲಕ್ಕೆ ಬರುತ್ತೇನೆ, ಅದು ಸ್ವಲ್ಪ ಉದ್ದ.

ತೊಟ್ಟಿಲಿಗೆ ಹಾಕಿದ ಮಗುವಿನ ಕಿವಿಯಲ್ಲಿ ಸೋದರತ್ತೆ ಹೆಸರು ಹೇಳಬೇಕು. ಅಳಿಯಂದಿರ ತಂಗಿ ಅಮೆರಿಕದಲ್ಲಿದ್ದಾಳೆ, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ನಮ್ಮತ್ತೆ ಹೆಸರು ಹೇಳುವಾಗ ಅದಕ್ಕೆ ಮುಂಚೆ ತಂದೆಯ ಊರನ್ನೂ ಸೇರಿಸುತ್ತಿದ್ದರು, ಇಂಥ ಊರಿನ ಇಂಥವಳು ಎಂದು. ಮಗು ಜಾತ್ರೆಯಲ್ಲೋ ಸಂತೆಯಲ್ಲೋ ತಪ್ಪಿಸಿಕೊಂಡರೆ ಯಾರಾದರೂ ತಂದು ಬಿಡಬೇಡವೇ ಎನ್ನುವುದು ಅವರ ವಾದ. ನಮ್ಮ ಕಡೆ ಊರೆಂದರೆ ಅಷ್ಟು ಮುಖ್ಯ. ನಮ್ಮ ಯಜಮಾನರ ಹೆಸರಿನ ಮುಂದಿದ್ದ ತೆರಕಣಾಂಬಿ, ಪಾಸ್‌ಪೋರ್ಟಿನಲ್ಲಿ ಹಿಂದಕ್ಕೆ ಸರಿದು ಮನೆತನದ ಹೆಸರಾಗಿ ಕೂತಿತು. ಇಲ್ಲಿ ಜಿಪಿ ಅನ್ನುವ ಡಾಕ್ಟರ ಹತ್ತಿರ ಹೋದರೆ ಹೆಸರು ಕರೆಯುವ ಹುಡುಗಿ 'ಮಿಸೆಸ್ ತೆ...' ಎಂದು ಶುರು ಮಾಡಿ ಸುಮ್ಮನಾಗುತ್ತಾಳೆ. ನಾನು ಎದ್ದು ಹೋಗುತ್ತೇನೆ. ಅರ್ಧಕ್ಕೇ ನಿಂತ ಹೆಸರು ಯಾವುದಿದ್ದರೂ ಅದು ನನ್ನದೇ.

ಆದರೆ ಅಳಿಯಂದಿರದು ಯಾವೂರು?

ನಮ್ಮ ಅಳಿಯಂದಿರು ಎರಿಕ್. ನಾಟಕದ ರಂಗಮಂದಿರದಲ್ಲಿ ಮರದ ಗೋಡೆ, ಮರದ ಮೆಟ್ಟಿಲು ಕಟ್ಟಿಕೊಡುವ ಕೆಲಸ. ಮದುವೆಗೆ ಮುಂಚೆ ಊರು ಕೇಳಿದಾಗ 'ವಿಸ್ಕಾನ್ಸಿನ್' ಎಂದರು. ಅದು ಊರಲ್ಲ, ರಾಜ್ಯ ಎಂದು ಆಮೇಲೆ ತಿಳಿಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಭೂಗೋಳ ಕಲಿತದ್ದು ವಿಮಾನದ ಊಟ ತುಂಬುವ ಅಡುಗೆಮನೆಯಲ್ಲಿ. ವರ್ಷಾನುಗಟ್ಟಲೆ ತಟ್ಟೆ ತುಂಬಿದವಳು ನಾನು, ಬಂಡಿಯ ಮೇಲಿನ ಚೀಟಿಯಿಂದ ಷಿಕಾಗೋ ಗೊತ್ತು, ಬಾಸ್ಟನ್ ಗೊತ್ತು. ವಿಮಾನ ಇಳಿಯದ ಊರು ನನಗೆ ಹೇಗೆ ಗೊತ್ತಾಗಬೇಕು?

ಎರಿಕ್ ಪಾಪ ತಾಳ್ಮೆಯಿಂದ ಎಡಗೈ ಎತ್ತಿ, ಬೆರಳುಗಳನ್ನು ಜೋಡಿಸಿ, ಅಂಗೈ ಆಚೆಗೆ ತಿರುಗಿಸಿ, ಇದೇ ವಿಸ್ಕಾನ್ಸಿನ್ ಎಂದು ತೋರಿಸಿದರು. ಹೆಬ್ಬೆರಳು ಸರೋವರದೊಳಗೆ ಚಾಚಿಕೊಂಡ ಡೋರ್ ಕೌಂಟಿ, ಅಲ್ಲಿ ಚೆರ್ರಿ ತೋಟಗಳು. ಮಣಿಕಟ್ಟಿನ ಹತ್ತಿರ ಮಿನರಲ್ ಪಾಯಿಂಟ್, ಸೀಸ ಅಗೆಯಲು ಹೋದವರು ಕಟ್ಟಿದ ಕಲ್ಲುಮನೆಗಳ ಊರು. ಎಲ್ಲಿಂದ ಹೋದವರು ಎಂದೆ. ಇಲ್ಲಿಂದಲೇ, ಈ ದೇಶದ ಕಾರ್ನ್‌ವಾಲಿನಿಂದಂತೆ! ಅದರಾಚೆ ನ್ಯೂ ಗ್ಲಾರಸ್, ಅಲ್ಲಿಯವರು ಸ್ವಿಟ್ಜರ್ಲೆಂಡಿನವರು. ಇನ್ನೊಂದು ವೆಸ್ಟ್‌ಬಿ, ಅಲ್ಲಿಯವರು ನಾರ್ವೆಯವರು. ನನಗೆ ತಲೆ ತಿರುಗಿತು. ಹಾಗಾದರೆ ಅಮೆರಿಕದಲ್ಲಿ ಅಮೆರಿಕದವರ ಊರು ಯಾವುದು ಎಂದು ಕೇಳಿದೆ. ಎರಿಕ್, ಇವರೆಲ್ಲರಿಗಿಂತ ಮುಂಚೆ ಅಲ್ಲಿ ಬೇರೆ ಜನ ಇದ್ದರು, ಅದು ದೊಡ್ಡ ಕಥೆ ಎಂದರು. ಗೊಂದಲ ಮತ್ತೊಂದು ಸುತ್ತು ಬಂತು.

ಒಂದು ವಿಷಯ ಮಾತ್ರ ಚೆನ್ನಾಗಿ ತಲೆಗೆ ಹತ್ತಿತು. ಒಂದಾನೊಂದು ಕಾಲದಲ್ಲಿ ಆ ಸೀಮೆಯ ಮೇಲೆಲ್ಲ ಮಂಜುಗಡ್ಡೆ ಲಟ್ಟಣಿಗೆಯ ಹಾಗೆ ಉರುಳಿ ನೆಲವನ್ನು ಚಪ್ಪಟೆ ಮಾಡಿತಂತೆ. ನೈಋತ್ಯದ ಮೂಲೆಯೊಂದನ್ನು ಮಾತ್ರ ಮುಟ್ಟದೆ ಬಿಟ್ಟಿತಂತೆ. ಅದಕ್ಕೇ ಅಲ್ಲಿ ಇನ್ನೂ ಗುಡ್ಡ, ಕಣಿವೆ, ತೊರೆ. ನಮ್ಮ ಮನೆಯಲ್ಲೂ ಸೋಫಾ ಹಿಂದೆ ನನ್ನ ಪೊರಕೆ ಮುಟ್ಟದ ಮೂಲೆಯೊಂದಿದೆ. ಸುನಂದಾ ಅದನ್ನು ಗಲೀಜು ಅನ್ನುತ್ತಾಳೆ. ಇನ್ನು ಮೇಲೆ ನಾನು ಅದನ್ನು ವಿಸ್ಕಾನ್ಸಿನ್ ಅನ್ನುತ್ತೇನೆ.

ಇಷ್ಟೆಲ್ಲ ಹೇಳಿದವರು 'ಇವುಗಳಲ್ಲಿ ನಿಮ್ಮೂರು ಯಾವುದು' ಎಂದ ಕೂಡಲೇ ಕೈ ಇಳಿಸಿಬಿಡುತ್ತಿದ್ದರು. 'ಎಲ್ಲವೂ ಇಷ್ಟ' ಎಂದು ಎದ್ದು ಹೋಗುತ್ತಿದ್ದರು. ಬಿಡುವ ಪೈಕಿಯೇ ನಾನು? ಮಗು ಹುಟ್ಟಿದ ಮೇಲಂತೂ ದಿನಾ ಕೇಳಿದೆ. ಇವತ್ತು ಬೆಳಿಗ್ಗೆ ಸುನಂದಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಮ್ಮಾ, ಪ್ಲೀಸ್, ಇನ್ಮೇಲೆ ಎರಿಕ್‌ನ ಊರು ಕೇಳ್ಬೇಡ. ಅವನಿಗೆ ಅದು ಇಲ್ಲ."

"ಊರಿಲ್ದೆ ಯಾರಾದ್ರೂ ಇರ್ತಾರೇನೇ?"

"ಅವರಪ್ಪ ಹಾಲಿನ ಲಾರಿ ಓಡಿಸ್ತಿದ್ರು. ಒಂದು ಡೈರಿ ಮುಚ್ಚಿದ್ರೆ ಇನ್ನೊಂದೂರು, ಇನ್ನೊಂದು ಬಾಡಿಗೆ ಮನೆ. ಎಲ್ಲಾ ಸ್ಕೂಲಲ್ಲೂ ಇವನು ಹೊಸ ಹುಡುಗ. ಅದಕ್ಕೇ ಎಲ್ಲಾ ಊರೂ ಇಷ್ಟ ಅಂತಾನೆ, ನಮ್ಮೂರು ಅಂತ ಒಂದನ್ನೂ ಅನ್ನಲ್ಲ. ನೀನು ಕೇಳಿದಾಗೆಲ್ಲ ಅವನಿಗೆ ನೋವಾಗತ್ತೆ."

ಗಂಡನಿಗೆ ಏಕವಚನವೇ ಎಂದು ಬೈಯುವ ಹೊತ್ತು ಅದಾಗಿರಲಿಲ್ಲ. ಹುರುಳಿಕಾಯಿ ಬಿಡಿಸುತ್ತ ಕೂತಿದ್ದ ಯಜಮಾನರ ಹತ್ತಿರ ಹೋಗಿ, "ಕೇಳಿದ್ರಾ? ನಮಗಾದ್ರೆ ತೆರಕಣಾಂಬಿ ಇದೆ. ಪಾಪ, ಅವರಿಗೆ ಒಂದೂರಿಲ್ವಂತೆ" ಎಂದೆ.

"ನಮಗೆ ಅಂದ್ರೆ ಯಾರಿಗೆ? ನೀನೇನು ತೆರಕಣಾಂಬಿಯವಳಾ?" ಎಂದರು ಅವರು, ತಲೆ ಎತ್ತದೆ. "ನಿಂದು ಬೇಗೂರು."

ಹೌದಲ್ಲ! ಮದುವೆಯಾದ ವರ್ಷದ ಗೌರಿಹಬ್ಬ ತೆರಕಣಾಂಬಿಯಲ್ಲಿ, ಮರುವರ್ಷದ ಗೌರಿಹಬ್ಬ ಇಲ್ಲಿ, ವಿಮಾನದ ಸದ್ದಿನ ಕೆಳಗೆ. ಅಷ್ಟೇ ನನ್ನ ತೆರಕಣಾಂಬಿ. ಅಲ್ಲಿಯ ಬೀದಿಗಳೂ ನನಗೆ ಸರಿಯಾಗಿ ಗೊತ್ತಿಲ್ಲ. ಬೇಗೂರೋ, ತಾಳಿ ಕಟ್ಟಿಸಿಕೊಂಡ ದಿನವೇ ನನ್ನ ಹೆಸರಿನಿಂದ ಇಳಿದುಹೋಯಿತು. ಒಂದೇ ವರ್ಷ ಇದ್ದ ಊರನ್ನು ಜೀವಮಾನವಿಡೀ ಹೆಸರಿಗೆ ಕಟ್ಟಿಕೊಂಡು ಓಡಾಡಿದವಳು, ಇನ್ನೊಬ್ಬರನ್ನು ನಿಮ್ಮದು ಯಾವೂರು ಎಂದು ಗೋಳು ಹೊಯ್ದುಕೊಂಡಿದ್ದೆ. ಇನ್ನು ಮಗುವಿನ ಕಿವಿಯಲ್ಲಿ ಏನು ಹೇಳಲಿ?

ಅಷ್ಟರಲ್ಲಿ ಜನ ಬಂದರು. ಕೆಂಟನ್‌ನಿಂದ ನನ್ನ ಗೆಳತಿ ರುಕ್ಮಿಣಮ್ಮ ಬಂದರು. ಅವರ ಮಗ ಡಾಕ್ಟರು, ಅವರ ಬಾಯಿ ಪೊಲೀಸು. ಎರಿಕ್ ತಾವೇ ಮಾಡಿದ ಮರದ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದರು. ನಾನು ಹೆಸರು ಹೇಳಲು ಬಗ್ಗುವಷ್ಟರಲ್ಲಿ ರುಕ್ಮಿಣಮ್ಮ, "ಅದ್ಸರಿ, ಅಳಿಯಂದ್ರದು ಯಾವೂರು?" ಎಂದರು. "ಅಮೆರಿಕ ಅಂತ ಗೊತ್ತು ಕಣ್ರೀ. ಅಮೆರಿಕದಲ್ಲಿ ಎಲ್ಲಿ?"

ಎರಿಕ್‌ಗೆ ಬರುವ ಕನ್ನಡ ಸ್ವಲ್ಪವೇ. ಆದರೆ 'ಯಾವೂರು' ಬರುತ್ತದೆ, ನಾನೇ ಕಲಿಸಿದ್ದು. ಹಗ್ಗದ ಮೇಲಿನ ಕೈ ನಿಂತುಹೋಯಿತು. ಸುನಂದಾ ನನ್ನ ಮುಖ ನೋಡಿದಳು.

"ಅವರಿಗೆ ಒಂದಾ ಎರಡಾ ರುಕ್ಮಿಣಮ್ಮ!" ಎಂದೆ. ಬಾಯಿಗೆ ಬಂದದ್ದನ್ನೆಲ್ಲ ಸುರಿದೆ. "ಮಿನರಲ್ ಪಾಯಿಂಟಲ್ಲಿ ಚೆರ್ರಿ ತೋಟ, ವೆಸ್ಟ್‌ಬಿಯಲ್ಲಿ ಸೀಸದ ಗಣಿ, ನ್ಯೂ ಗ್ಲಾರಸಲ್ಲಿ ನಾರ್ವೆಯವರು..."

"ನೋ ನೋ ಅಮ್ಮ!" ಎರಿಕ್‌ಗೆ ತಡೆಯಲಾಗಲಿಲ್ಲ. ಹಗ್ಗ ಬಿಟ್ಟು ಎಡಗೈ ಎತ್ತಿದರು. ಚೆರ್ರಿ ಇಲ್ಲಿ, ಹೆಬ್ಬೆರಳಲ್ಲಿ. ಗಣಿ ಇಲ್ಲಿ. ಈ ಊರಿನಲ್ಲಿ ನಾನು ಈಜು ಕಲಿತೆ, ಇಲ್ಲಿ ಹಲ್ಲು ಮುರಿದುಕೊಂಡೆ, ಇಲ್ಲಿ ಅಪ್ಪನ ಲಾರಿಯ ಮುಂದಿನ ಸೀಟಿನಲ್ಲಿ ನಿದ್ದೆ ಹೋಗುತ್ತಿದ್ದೆ... ಅವರು ಅಷ್ಟು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಸುನಂದಾ ಕನ್ನಡಕ್ಕೆ ತಿರುಗಿಸುತ್ತ ಹೋದಳು.

"ಒಂದು ಕೈಯಗಲದ ರಾಜ್ಯಕ್ಕೆ ಇಷ್ಟೊಂದು ಊರಾ!" ಎಂದು ರುಕ್ಮಿಣಮ್ಮ ಮೂಗಿನ ಮೇಲೆ ಬೆರಳಿಟ್ಟರು. "ನಮ್ಮ ಮನೇಲಿ ಎಲ್ಲರಿಗೂ ಸೇರಿ ಒಂದು ಮೈಸೂರು ಅಷ್ಟೇ ಕಣಮ್ಮ."

ನಾನು ಬಗ್ಗಿ ಮಗುವಿನ ಕಿವಿಗೆ ಬಾಯಿಟ್ಟೆ. ವೆಸ್ಟ್‌ಬಿಯ, ಮಿನರಲ್ ಪಾಯಿಂಟಿನ, ನ್ಯೂ ಗ್ಲಾರಸಿನ, ಚೆರ್ರಿ ಹೆಬ್ಬೆರಳಿನ, ತೆರಕಣಾಂಬಿಯ, ಫೆಲ್ಥಮ್‌ನ... ಬೇಗೂರನ್ನೂ ಸೇರಿಸಿದೆ, ಯಾರು ಕೇಳುತ್ತಾರೆ? ತಲೆ ಎತ್ತಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

"ಅಮ್ಮಾ, ಹೆಸರು ಹೇಳಿದ್ಯಾ?" ಎಂದಳು ಸುನಂದಾ.

ಮರೆತೇಬಿಟ್ಟಿದ್ದೆ! ಮತ್ತೆ ಬಗ್ಗಿ ಮೀರಾ, ಮೀರಾ, ಮೀರಾ ಎಂದೆ. ಮಗು ಆಗಲೇ ನಿದ್ದೆ ಹೋಗಿತ್ತು.

ಸಂಜೆ ಬಂದವರೆಲ್ಲ ಹೊರಟ ಮೇಲೆ ಎರಿಕ್ ಒಲೆಯ ಮುಂದೆ ನಿಂತು ಲೆಫ್ಸೆ ಮಾಡಿದರು. ಬೇಯಿಸಿದ ಆಲೂಗಡ್ಡೆಯ ತೆಳ್ಳನೆ ರೊಟ್ಟಿ ಅದು, ವೆಸ್ಟ್‌ಬಿಯ ಪಕ್ಕದ ಮನೆಯ ಅಜ್ಜಿ ಕಲಿಸಿದ್ದಂತೆ. ತಿರುವಿಹಾಕಲು ರಂಗಮಂದಿರದ ಮರದಲ್ಲಿ ತಾವೇ ಕೆತ್ತಿದ ಉದ್ದನೆಯ ಕಡ್ಡಿ. ಪಕ್ಕದ ಒಲೆಯಲ್ಲಿ ನನ್ನ ಅಕ್ಕಿರೊಟ್ಟಿ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು, ಮೀರಾ ಅವಳ ತಾತನ ತೊಡೆಯ ಮೇಲೆ. ಲೆಫ್ಸೆಗೆ ಹುಚ್ಚೆಳ್ಳು ಚಟ್ನಿ ಹಚ್ಚಿಕೊಂಡೆವು, ಅಕ್ಕಿರೊಟ್ಟಿಗೆ ಎರಿಕ್ ಬೆಣ್ಣೆ ಸಕ್ಕರೆ ಹಚ್ಚಿಕೊಂಡರು. ಯಾವುದು ಯಾವುದರ ಜೊತೆ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಅರ್ಧ ಊಟದಲ್ಲಿ ಎರಿಕ್ ನನ್ನ ಕಡೆ ತಿರುಗಿ, ಒಂದೊಂದೇ ಪದ ಜೋಡಿಸಿ ಕೇಳಿದರು: "ಅಮ್ಮ, ನಿಮ್ಮದು ಯಾವೂರು?"

ಯಜಮಾನರು ಬಾಯಿ ತೆರೆದರು. ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಬಾಯಿ ಮುಚ್ಚಿಸಿದೆ. ಆಮೇಲೆ ಹಿಟ್ಟು ಮೆತ್ತಿದ ಎಡಗೈ ಎತ್ತಿ, ಅಂಗೈ ಆಚೆಗೆ ತಿರುಗಿಸಿ, ಹೆಬ್ಬೆರಳು ತೋರಿಸಿ "ಬೇಗೂರು" ಎಂದೆ. ಪಕ್ಕದ ಬೆರಳು ತೆರಕಣಾಂಬಿ. ಅದರ ಪಕ್ಕದ್ದು ಫೆಲ್ಥಮ್.

"ಇನ್ನೆರಡು?" ಎಂದಳು ಸುನಂದಾ.

"ಖಾಲಿ ಇವೆ, ಇರಲಿ," ಎಂದೆ. "ಈಗ ತಿನ್ನಿ, ರೊಟ್ಟಿ ಆರುತ್ತೆ."