ಅಕ್ಕ-ತಂಗಿ ನೋಡಲು ನಾವಿಬ್ಬರೇ

ಬಾದಾಮಿಯ ಕೆರೆಯ ಹಿಂದಿನ ಕೆಂಪು ಗುಡ್ಡದಿಂದ ಎರಡು ಧಾರೆಗಳು ಜೋಡಿಯಾಗಿ ಬೀಳುತ್ತವೆ. ಅವಕ್ಕೆ ಅಕ್ಕ-ತಂಗಿ ಎಂದು ಹೆಸರು. ಬೀಳುತ್ತವೆ ಎಂದೆನಲ್ಲ, ಅಲ್ಲೇ ತಪ್ಪಿದೆ. ಮಳೆ ಜೋರಾಗಿ ಹೊಡೆದರೆ ಮಾತ್ರ ಬೀಳುತ್ತವೆ. ಮಳೆ ನಿಂತು ಸ್ವಲ್ಪ ಹೊತ್ತಾದರೆ ಬಂಡೆ ಏನೂ ಆಗಿಲ್ಲವೆಂಬಂತೆ ಒಣಗಿ ನಿಲ್ಲುತ್ತದೆ. ಬೇರೆ ಕಡೆಯ ಜನ ತಾರೀಖು ಗೊತ್ತು ಮಾಡಿಕೊಂಡು ಜಲಪಾತಕ್ಕೆ ಹೋಗುತ್ತಾರೆ. ನಮಗೆ ಆ ಭಾಗ್ಯವಿಲ್ಲ. ಆದರೂ ನಾನೂ ನನ್ನ ಅಕ್ಕನೂ ಅಲ್ಲಿಗೆ ಒಂದು ದಿನ ನಡೆದು ಬರುವ ಯೋಜನೆಯನ್ನು ವರ್ಷಗಳಿಂದ ಹಾಕುತ್ತಲೇ ಇದ್ದೇವೆ.

ಅಕ್ಕನನ್ನು ಕೊಟ್ಟಿರುವುದು ಬಾದಾಮಿಗೆ. ನಾನು ಇಳಕಲ್ಲಿನ ಒಂದು ಶಾಲೆಯಲ್ಲಿ ಟೀಚರು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಮಕ್ಕಳಿಗೆ, ಮಕ್ಕಳ ತಾಯಂದಿರಿಗೆ, ಬಸ್ ಸ್ಟ್ಯಾಂಡಿನ ಹೂವಿನವಳಿಗೆ, ಎಲ್ಲರಿಗೂ ನಾನು ಅಕ್ಕೋರೇ. ನನಗಿಂತ ಹಿರಿಯರಾದ ಹೆಡ್ ಮಾಸ್ತರರಿಗೂ ಅಕ್ಕೋರೇ. ಹೀಗೆ ಊರಿಗೆಲ್ಲ ಅಕ್ಕನಾಗಿ ಸಾಕಾಗಿ, ಒಂದು ದಿನವಾದರೂ ತಂಗಿಯಾಗಬೇಕು ಅನಿಸುತ್ತದೆ. ನನ್ನನ್ನು ತಂಗಿ ಎನ್ನುವವಳು ಅವಳೊಬ್ಬಳೇ. ಅವಳು ಎಂದೂ ಒಬ್ಬಳೇ ಸಿಗುವುದಿಲ್ಲ.

ಅವಳದು ತುಂಬಿದ ಮನೆ. ಅತ್ತೆ, ಮೈದುನರು, ನೆಗೆಣ್ಣಿಯರು, ಅವರ ಮಕ್ಕಳು. ನಾವು ಭೇಟಿಯಾಗುವುದು ಯಾರೋ ಬಸುರಿಯ ಸೀಮಂತದ ಕುಬಸದಲ್ಲಿ, ಯಾರದೋ ಮದುವೆಯ ಅಡುಗೆಮನೆಯಲ್ಲಿ. "ಉಂಡಿಯೇನ?" ಎನ್ನುತ್ತಾಳೆ. "ಉಂಡೆ" ಎನ್ನುತ್ತೇನೆ. ಅಷ್ಟರಲ್ಲಿ ಯಾರೋ ಅವಳನ್ನು ಕೂಗುತ್ತಾರೆ. ಅವಳ ಮದುವೆಯಾದಾಗಿನಿಂದ ನಾವಿಬ್ಬರೇ ಕೂಡಿ ಒಂದು ಪೂರ್ತಿ ದಿನ ಕಳೆದಿಲ್ಲ. ನನಗೆ ಬೇಕಾಗಿದ್ದದ್ದು ಆ ಒಂದು ದಿನ. ನೀರು ಬರೀ ನೆಪ.

ಯೋಜನೆಯೇನೋ ಭರ್ಜರಿಯಾದದ್ದು. ಬಾದಾಮಿಯಲ್ಲಿ ಒಳ್ಳೆಯ ಮಳೆಯಾದರೆ ಅಕ್ಕ ನಸುಕಿನಲ್ಲೇ ಫೋನ್ ಮಾಡಬೇಕು. ನಾನು ಸಿಕ್ಕ ಬಸ್ಸು ಹತ್ತಿ ಹುನಗುಂದ ದಾಟಿ ಬರಬೇಕು. ಕೆರೆಯ ದಂಡೆಯಲ್ಲಿ ಕೂಡಿಕೊಂಡು, ಧಾರೆಗಳನ್ನು ಕೆಳಗಿನಿಂದ ಕಣ್ತುಂಬ ನೋಡಿ, ಮೆಟ್ಟಿಲು ಹತ್ತಿ ಗುಡ್ಡದ ನೆತ್ತಿಗೆ ಹೋಗಬೇಕು. ಅಲ್ಲಿಂದ ಕುರುಚಲು ಕಾಡಿನ ಕಾಲುದಾರಿ ಹಿಡಿದು ಸಿಡಿಲಫಡಿಯ ದೊಡ್ಡ ಬಂಡೆಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಬೇಕು. ದಿನ ಗೊತ್ತಿಲ್ಲದ ಪ್ರಯಾಣಕ್ಕೆ ಹಳಸುವ ಅಡುಗೆ ನಡೆಯುವುದಿಲ್ಲ. ಹೀಗಾಗಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಮಳೆಗಾಲ ಹಿಡಿಯುತ್ತಲೇ ಇವು ನನ್ನ ಮನೆಯಲ್ಲಿ ಚೀಲ ಸೇರಿ ಕಾಯುತ್ತವೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ನನ್ನ ಗಂಡ ನಗುತ್ತಾನೆ. ನಗುತ್ತಲೇ ಆ ಚೀಲದ ರೊಟ್ಟಿ ಮುರಿದು ತಿನ್ನುತ್ತಾನೆ.

ಫೋನಿನಲ್ಲಿ ಅಕ್ಕನ ಸೂಚನೆಗಳಿಗೆ ಲೆಕ್ಕವಿಲ್ಲ.

"ಗುಡ್ಡ ಹತ್ತಾಕ ಸೀರಿ ಬ್ಯಾಡ ಮತ್ತ. ಚೂಡಿದಾರ ಹಾಕ್ಕೊಂಡ ಬಾ."

"ಆತು."

"ಅಲ್ಲಿ ಮಂಗ್ಯಾ ಭಾಳ ಅದಾವ, ಬುತ್ತಿ ಕಸಗೊಂತಾವ. ಸೆರಗಿನ್ಯಾಗ ಕಟ್ಕೊಂಡ ಬಾ."

"ಚೂಡಿದಾರಕ್ಕ ಸೆರಗ ಎಲ್ಲಿಂದ ತರ್ಲಿ?"

ಆಗ ಅವಳು ನಗುತ್ತಾಳಲ್ಲ, ಆ ನಗೆ ಕೇಳಲೆಂದೇ ನಾನು ಎಷ್ಟೋ ಸಲ ಪೆದ್ದಿಯಂತೆ ಮಾತಾಡಿದ್ದೇನೆ. ಎರಡು ಧಾರೆಗಳಲ್ಲಿ ಅಕ್ಕ ಯಾವುದು, ತಂಗಿ ಯಾವುದು ಎಂಬ ಜಗಳವೂ ಇನ್ನೂ ಹರಿದಿಲ್ಲ. ದಪ್ಪಗಿರುವುದು ಅಕ್ಕ ಎಂದು ನನ್ನ ವಾದ. "ಹೆಚ್ಚ ಗದ್ಲಾ ಮಾಡೂದು ತಂಗಿ, ಸುಮ್ನಿರ" ಎಂದು ಅವಳದು.

ರಜೆಯದೇ ತೊಂದರೆ. "ಮಳಿ ಬಂದ್ರ ಸಿ.ಎಲ್. ಅಂದ್ರ ಹ್ಯಾಂಗ್ರಿ ಅಕ್ಕೋರ? ತಾರೀಖ ಹೇಳ್ರಿ" ಎಂದು ಹೆಡ್ ಮಾಸ್ತರರು ಅರ್ಜಿಯನ್ನು ವಾಪಸು ಕೊಟ್ಟರು. ತಾರೀಖು ಗೊತ್ತಿದ್ದರೆ ನಾನೇ ಪಂಚಾಂಗ ಬರೆಯುತ್ತಿದ್ದೆ.

ಮೊದಲ ಸಲ ಕೆಡಿಸಿದವಳು ನಾನೇ. ಒಂದು ರವಿವಾರ ಇಳಕಲ್ಲಿನಲ್ಲಿ ಬೆಳಗಾಗುವ ಮೊದಲೇ ಮಳೆ ಧೋ ಎಂದು ಸುರಿಯಿತು. ನಮ್ಮ ಓಣಿಯಲ್ಲಿ ಸುರಿದರೆ ಲೋಕಕ್ಕೆಲ್ಲ ಸುರಿದಂತೆ ಎಂದು ತಿಳಿದು, ಫೋನಿಗೂ ಕಾಯದೆ ಬಸ್ಸು ಹತ್ತಿದೆ. ಹುನಗುಂದದವರೆಗೆ ರಸ್ತೆ ಒದ್ದೆ, ಅಮೀನಗಡ ದಾಟಿದರೆ ಧೂಳು. ಬಾದಾಮಿಯಲ್ಲಿ ರಣಗುಡುವ ಬಿಸಿಲು. ಬಸ್ ಸ್ಟ್ಯಾಂಡಿಗೆ ಬಂದ ಅಕ್ಕ ನನ್ನ ಒದ್ದೆ ಕೊಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ಚಹಾ ಕುಡಿಯುವಷ್ಟರಲ್ಲಿ ಮನೆಯಿಂದ ಅವಳಿಗೆ ಫೋನ್ ಬಂತು, ಹೋದಳು. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಖುಷಿಯೇ ಇತ್ತು.

ಹೋದ ವರ್ಷ ಅವಳೇ ಕರೆದಳು. "ಅಕ್ಕ-ತಂಗಿ ಬಂದಾರ, ಲಗೂನ ಹೊಂಡ!" ಎದ್ದುಬಿದ್ದು ಓಡಿದೆ. ಕೆರೆಯ ದಂಡೆಗೆ ಹೋಗಿ ನೋಡಿದರೆ ಎರಡು ಟಂಟಂ ಗಾಡಿ ತುಂಬ ಅವಳ ಮನೆಮಂದಿಯೆಲ್ಲ ಇಳಿದಿದ್ದರು. ಚುರುಮುರಿ, ಮಿರ್ಚಿ ಭಜಿ, ಚಹಾದ ಥರ್ಮಾಸು, ಸೆಲ್ಫಿಗೆ ಸಾಲು. ಗುಡ್ಡ ಹತ್ತುವ ಮಾತನ್ನು ಯಾರೂ ಎತ್ತಲಿಲ್ಲ. ಎರಡೂ ಧಾರೆಗಳು ನೊರೆನೊರೆಯಾಗಿ ಬೀಳುತ್ತಿದ್ದವು. ಅಕ್ಕ ಅವಕ್ಕೆ ಬೆನ್ನು ಮಾಡಿ ಕುಳಿತು ಕಾಗದದ ತಟ್ಟೆಗಳಿಗೆ ಚುರುಮುರಿ ಹಾಕುತ್ತಿದ್ದಳು. "ಉಂಡಿಯೇನ?" ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಅದೇ.

ಸಂಜೆ ಮನೆ ಮುಟ್ಟಿದವಳೇ ಫೋನ್ ಮಾಡಿ ಹರಿಹಾಯ್ದೆ. "ಊರ ಮಂದೀನೆಲ್ಲಾ ಯಾಕ ಕರಕೊಂಡ ಬಂದಿ? ನನಗ ನೀ ಬೇಕಾಗಿದ್ದಿ ಅಕ್ಕಾ. ನೀ ಒಬ್ಬಾಕಿನ."

ಅವಳು ಮೆಲ್ಲಗೆ, "ಒಬ್ಬಾಕಿನ ಬಂದ್ರ ನೀ ಕೇಳ್ತಿ ತಂಗಿ. ನಾಕ ಮಂದಿ ಇದ್ರ ಕೇಳೂದಿಲ್ಲ" ಎಂದಳು.

"ಏನ್ ಕೇಳ್ತೇನಿ?"

"ಆರಾಮ ಅದಿಯೇನು ಅಂತ ಕೇಳ್ತಿ. ನೀ ಮಾರಿ ನೋಡಿ ಕೇಳಿದ್ರ ನನಗ ಸುಳ್ಳ ಹೇಳಾಕ ಬರೂದಿಲ್ಲ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಅವಳಿಗೆ ಉಣ್ಣಲು ಉಡಲು ಕೊರತೆಯಿಲ್ಲ, ಆ ಮನೆಯಲ್ಲಿ ಯಾರೂ ಏರಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಏನಾಗಿದೆಯೋ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಫೋನಿನಲ್ಲಿ ಕೇಳುವ ಧೈರ್ಯ ನನಗೂ ಆಗಲಿಲ್ಲ. ಕೊನೆಗೆ ಅವಳೇ, "ಮುಂದಿನ ಮಳಿಗೆ ಬಾ. ಯಾರಿಗೂ ಹೇಳೂದಿಲ್ಲ. ಇಬ್ಬರ ಹತ್ತೂಣು, ಎಲ್ಲಾ ಹೇಳ್ತೇನಿ" ಎಂದಳು.

ಇಡೀ ವರ್ಷ ಆ ಮಾತನ್ನು ಹಿಡಿದುಕೊಂಡೇ ಬದುಕಿದೆ. ಪಾಠ ಮಾಡುತ್ತ ಮಾಡುತ್ತ ಕಿಟಕಿಯಿಂದ ಬಾದಾಮಿಯ ದಿಕ್ಕಿನ ಮೋಡ ನೋಡುವುದು ಚಟವಾಯಿತು. ಬಂಡೆಯ ನೆರಳಿನಲ್ಲಿ ಅವಳ ಪಕ್ಕ ಹೇಗೆ ಕುಳಿತುಕೊಳ್ಳಬೇಕು, ಅವಳು ಮಾತು ಶುರು ಮಾಡುವವರೆಗೆ ನನ್ನ ಬಾಯಿಯನ್ನು ಹೇಗೆ ಕಟ್ಟಿಕೊಳ್ಳಬೇಕು, ಎಲ್ಲವನ್ನೂ ಮನಸ್ಸಿನಲ್ಲೇ ಮಾಡಿ ನೋಡಿದೆ. ಅಕ್ಕನಿಗಾಗಿ ಇಷ್ಟು ಹಂಬಲಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮೊನ್ನೆ ಪ್ರಾರ್ಥನೆಗೆ ಮುಂಚೆ ಬಾದಾಮಿ ಕಡೆಯ ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. "ಈಗಿಂದೀಗ ಹಾಕ್ಯಾರ ನೋಡ್ರಿ ಅಕ್ಕೋರ, ಅಕ್ಕ-ತಂಗಿ ಹ್ಯಾಂಗ ಬೀಳಾಕತ್ತಾರ!" ಎರಡೂ ಧಾರೆಗಳು ಗುಡ್ಡವನ್ನೇ ತೊಳೆಯುತ್ತಿದ್ದವು. ನನ್ನ ಫೋನ್ ಬೆಳಗಿನಿಂದ ಒಮ್ಮೆಯೂ ರಿಂಗಾಗಿರಲಿಲ್ಲ. ಶಾಲೆಯ ಪಡಸಾಲೆಗೆ ಬಂದು ನಾನೇ ಅಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕಾ, ಮಳಿ ಐತೇನು?"

"ಎಲ್ಲಿ ಮಳಿ ತಂಗಿ. ಖಡಕ್ ಬಿಸಿಲ ಬಿದ್ದೈತಿ."

ಅವಳ ಹಿಂದೆ ತಗಡಿನ ಮೇಲೆ ಮಳೆ ಹೊಡೆಯುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ವಿಡಿಯೋ ನೋಡಿದೆ ಎಂದು ಹೇಳಬಹುದಿತ್ತು. ಹೇಳಿದರೆ ನಾಳೆ ಅವಳು ನನ್ನ ಫೋನನ್ನೂ ಎತ್ತುವುದಿಲ್ಲ. ಅಕ್ಕ ಆರಾಮ ಇಲ್ಲ ಎಂಬುದಂತೂ ನನಗೆ ಗೊತ್ತಾಗಿಹೋಗಿತ್ತು.

"ಹಂಗಾರ ಹಪ್ಪಳ ಒಣಗಾಕ ಹಾಕ ಅಕ್ಕಾ. ಬಿಸಿಲ ಚಲೋ ಐತಿ."

"ಹಾಕೀನಿ" ಎಂದಳು.

ಆ ಕಡೆ ಮಳೆ ಇನ್ನೂ ಜೋರಾಯಿತು. ಇಬ್ಬರೂ ಫೋನ್ ಇಡಲಿಲ್ಲ.